ಅರಿಶಿನ ಬಟ್ಟೆಯೊಳಗಿನ ಫೋನು

ಅಕ್ಕ ಮುಡಿಪು ಕಟ್ಟಿದ್ದು ಭಾವನ ಹಳೆಯ ಫೋನನ್ನು. ಹಳೇ ಪಂಚೆಯ ತುಂಡೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಫೋನನ್ನು ಭಾವನ ಕೈಯಲ್ಲೇ ಸ್ವಿಚ್ ಆಫ್ ಮಾಡಿಸಿ, ಅದರ ಮೇಲೊಂದು ತುಳಸಿ ದಳ ಇಟ್ಟು ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು. ಅರಕಲಗೂಡಿನ ಅವಳ ಮನೆಯ ದೇವರ ಗೂಡಿನಲ್ಲಿ, ನರಸಿಂಹಸ್ವಾಮಿಯ ಪಟದ ಕೆಳಗೆ ಅದನ್ನಿಟ್ಟು ಕೈಮುಗಿದಳು. ನಾನು ನಕ್ಕೆ.

"ದೇವರಿಗೆ ಯಾರಿಗಾದ್ರೂ ಫೋನ್ ಮಾಡೋದಿತ್ತಾ ಅಕ್ಕ?" ಎಂದು ಕೇಳಿದೆ.

"ಫೋನಲ್ಲ ಕಣೇ, ಫೋನೊಳಗೆ ಇರೋದು. ನೀನು ಸುಮ್ನಿರು," ಅಂದಳು.

ಸುಮ್ಮನಿರುವುದೊಂದು ನನಗೆ ಬರುವುದಿಲ್ಲ. ಬಾಯೂ ಸುಮ್ಮನಿರುವುದಿಲ್ಲ, ಕೈಯೂ ಸುಮ್ಮನಿರುವುದಿಲ್ಲ. ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುವವಳು. ದುಡ್ಡಿನ ವಿಷಯ ಬಂದರೆ ತಂಗಿಗೆ ಎಲ್ಲ ಗೊತ್ತು ಎಂದು ಅಕ್ಕ ನಂಬಿದ್ದಳು. ಅವಳಿಗಿಂತ ಹೆಚ್ಚಾಗಿ ನಾನು ನಂಬಿದ್ದೆ.

ಭಾವ ಅರಕಲಗೂಡಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮೈಕಿಲ್ಲದೆ ಮೈದಾನದ ಆ ತುದಿಯ ಹುಡುಗರನ್ನು ಹೆಸರು ಹಿಡಿದು ಕರೆದು ನಿಲ್ಲಿಸುತ್ತಿದ್ದ ಗಂಟಲು ಅದು. ಮೊದಲು ದನಿ ಒಡೆಯಿತು, ಶೀತ ಅಂದುಕೊಂಡರು. ಆಮೇಲೆ ಪಾಠದ ಮಧ್ಯೆ ಮಾತು ನಿಂತುಹೋಗತೊಡಗಿತು. ಧ್ವನಿಪೆಟ್ಟಿಗೆಯ ಮೇಲೆ ಏನೋ ಬೆಳೆದಿದೆ, ಕೆಟ್ಟದ್ದೇನಲ್ಲ, ಆದರೆ ತೆಗೆಯಬೇಕು ಎಂದು ಹಾಸನದ ಡಾಕ್ಟರು ಹೇಳಿದರು. ತೆಗೆದ ಮೇಲೆ ದನಿ ಹೇಗಿರುತ್ತದೆ ಎಂದು ಅಕ್ಕ ಕೇಳಿದ್ದಕ್ಕೆ, ಸಾಮಾನ್ಯವಾಗಿ ಬರುತ್ತದೆ, ಆದರೆ ಖಾತ್ರಿ ಕೊಡಲಾಗುವುದಿಲ್ಲ ಅಂದರು. ಆ 'ಸಾಮಾನ್ಯವಾಗಿ' ಎಂಬ ಮಾತು ಅಕ್ಕನ ತಲೆಯೊಳಗೆ ಕೂತುಬಿಟ್ಟಿತು. ಮಾತಿಲ್ಲದ ಮೇಷ್ಟ್ರು ಯಾವ ಕ್ಲಾಸಿಗೆ ಹೋಗುತ್ತಾರೆ ಎಂದು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕೇಳುತ್ತಲೇ ಇದ್ದಳು.

ನಮ್ಮ ತವರು ಹೊಳೆನರಸೀಪುರ. ನಮ್ಮ ಮನೆಗಳಲ್ಲಿ ಏನಾದರೂ ಕಷ್ಟ ಬಂದರೆ ಮೊದಲು ಮುಡಿಪು, ಆಮೇಲೆ ಡಾಕ್ಟರು. ದೇವರಿಗೆಂದು ಒಂದು ವಸ್ತುವನ್ನು ಅರಿಶಿನ ಬಟ್ಟೆಯಲ್ಲಿ ಕಟ್ಟಿಟ್ಟರೆ, ಅಂದುಕೊಂಡದ್ದು ನೆರವೇರಿ ದೇವರ ಎದುರಿಗೆ ಬಿಚ್ಚುವ ತನಕ ಅದನ್ನು ಬಿಚ್ಚುವ ಹಾಗಿಲ್ಲ, ತೆಗೆದು ನೋಡುವ ಹಾಗಿಲ್ಲ, ಬದಲಾಯಿಸುವ ಹಾಗಂತೂ ಇಲ್ಲವೇ ಇಲ್ಲ. ಹಳೆಯ ಐನೂರರ ನೋಟು ರದ್ದಾದ ವರ್ಷ ಅಮ್ಮನ ಗೂಡಿನಲ್ಲಿ ಅಂಥದೊಂದು ನೋಟು ಮುಡಿಪಾಗಿ ಕೂತಿತ್ತು. ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಂಡು ಬಂದು ಮತ್ತೆ ಕಟ್ಟಿಡು ಎಂದು ನಾನು ಬಡಕೊಂಡೆ. ಅಮ್ಮ ಕೇಳಲಿಲ್ಲ. ನೋಟು ಸತ್ತುಹೋಗಿ ಎಷ್ಟೋ ತಿಂಗಳಾದ ಮೇಲೆ, ನೆನೆಸಿಕೊಂಡದ್ದು ಆಯಿತೆಂದು, ಅದೇ ನೋಟನ್ನು ಹುಂಡಿಗೆ ಹಾಕಿ ನೆಮ್ಮದಿಯಾಗಿ ಬಂದಳು. ದೇವರಿಗೆ ರದ್ದಿ ಕಾಗದ ಕೊಟ್ಟ ಹಾಗಾಯಿತು ಎಂದು ನಾನು ಅವತ್ತು ರೇಗಿದ್ದೆ. ಅಕ್ಕ ಮಾತ್ರ ಅಮ್ಮನ ಪಕ್ಷವೇ ಆಗಿದ್ದಳು.

ಫೋನನ್ನೇ ಯಾಕೆ ಕಟ್ಟಿದಳು ಎಂಬುದನ್ನೂ ಹೇಳಬೇಕು. ಅದರೊಳಗೆ ಭಾವನ ಕ್ರಿಪ್ಟೊ ಇತ್ತು. ಅವರ ಸ್ಟಾಫ್ ರೂಮಿನಲ್ಲಿ ಯಾರೋ ಶುರುಮಾಡಿದ ಹುಚ್ಚು ಅದು. ಆ ಯಾರೋ ತಮ್ಮದನ್ನು ಒಂದು ಕಂಪನಿಯ ಹತ್ತಿರ ಇಟ್ಟಿದ್ದರು, ಕಂಪನಿ ಬಾಗಿಲು ಹಾಕಿಕೊಂಡು ಹೋಯಿತು. ಭಾವ ಹುಷಾರಿನ ಮನುಷ್ಯ. ಕೀಲಿ ತಮ್ಮ ಕೈಯಲ್ಲೇ ಇರುವ ವ್ಯಾಲೆಟ್ಟನ್ನು ಫೋನಿಗೆ ಹಾಕಿಕೊಂಡು, ಮನೆಪಾಠದಿಂದ ಬಂದದ್ದರಲ್ಲಿ ಆಗಾಗ ಒಂದಿಷ್ಟು ಹಾಕಿ, ಯಾವುದೋ ಒಂದು ಸಣ್ಣ ಕಾಯಿನ್ ಕೊಳ್ಳುತ್ತಾ ಬಂದರು. ಅದರ ಹೆಸರು ಇಲ್ಲಿ ಬೇಡ. ಹೇಳಿದರೆ ನೀವೂ ಅದರ ಬೆಲೆ ನೋಡಲು ಹೋಗುತ್ತೀರಿ. ಆ ವ್ಯಾಲೆಟ್ಟಿಗೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ದೂರು ಕೊಡಲು ಕಿಟಕಿಯಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡು ಇಂಗ್ಲಿಷ್ ಪದಗಳೇ ಅದರ ಕೀಲಿ, ಅವು ಗೊತ್ತಿದ್ದರೆ ಯಾವ ಫೋನಿನಲ್ಲಾದರೂ ಅದು ತೆರೆಯುತ್ತದೆ. ಭಾವ ಅವನ್ನು ಎಲ್ಲೂ ಬರೆದಿಡದೆ ಬಾಯಿಪಾಠ ಮಾಡಿಕೊಂಡಿದ್ದರು.

ಅವರಿಗೆ ಅದರ ಮೇಲೆ ಎಂಥ ಮೋಹ ಅಂದರೆ, ತುತ್ತು ಕೈಯಲ್ಲಿ ಹಿಡಿದು ಫೋನು ನೋಡುತ್ತಿದ್ದರು. ಸಾರು ಆರಿಹೋಗುತ್ತಿತ್ತು. ಅಕ್ಕ ಎದುರಿಗೆ ಕೂತು ಏನಾದರೂ ಹೇಳಿದರೆ "ಹ್ಞೂಂ" ಅನ್ನುತ್ತಿದ್ದರು, ಏನು ಹೇಳಿದೆ ಎಂದು ಕೇಳಿದರೆ ತಿರುಗಿ ಅವಳ ಮುಖ ನೋಡುತ್ತಿದ್ದರು. ಕಾಶಿಗೆ ಹೋದವರು ಇಷ್ಟವಾದ ತರಕಾರಿಯನ್ನೇ ಬಿಟ್ಟು ಬರುತ್ತಾರಲ್ಲ, ಹಾಗೆ ಅಕ್ಕ ಹುಡುಕಿ ಹುಡುಕಿ ಅದನ್ನೇ ಹಿಡಿದಳು.

"ಬೇಡದ್ದನ್ನ ದೇವರಿಗೆ ಕೊಟ್ರೆ ಏನು ಬಂತು? ನಿಮಗೆ ಆಸೆ ಇರೋದನ್ನೇ ಕೊಡಬೇಕು ರೀ," ಅಂದಳು. "ದನಿ ಬರೋ ತನಕ ಅದರ ಕಡೆ ತಿರುಗಿ ನೋಡೋ ಹಾಗಿಲ್ಲ. ಬಂದ ಮೇಲೆ ನರಸೀಪುರಕ್ಕೆ ಹೋಗಿ, ಸ್ವಾಮಿ ಎದುರಿಗೆ ಬಿಚ್ಚಿ, ಆಮೇಲೆ ಅದನ್ನ ದುಡ್ಡು ಮಾಡಿ ಹುಂಡಿಗೆ ಹಾಕೋದು. ಬಿಚ್ಚೋಕೆ ಮುಂಚೆ ಯಾರೂ ಮುಟ್ಟೋ ಹಾಗಿಲ್ಲ."

ಭಾವ ಅವಳ ಅಂಗೈ ಮೇಲೆ ಅಂಗೈ ಇಟ್ಟು, ನೋಡಲ್ಲ ಅಂದರು. ದಿನದ ಬಳಕೆಗೆ ಬೇರೊಂದು ಫೋನು ತೆಗೆದುಕೊಂಡರು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಹಾಸನದ ಆಸ್ಪತ್ರೆಯಲ್ಲಿ ಭಾವ, ಸ್ವಲ್ಪ ಹೊರಗೆ ಕೂತಿರು ಎಂದು ಅಕ್ಕನಿಗೆ ಸನ್ನೆ ಮಾಡಿ, ನನ್ನನ್ನು ಮಾತ್ರ ನಿಲ್ಲಿಸಿಕೊಂಡರು. ಅಕ್ಕನ ಮುಖ ಸಣ್ಣಗಾಯಿತು. ಬಾಗಿಲನ್ನು ಅವಳೇ ಎಳೆದುಕೊಂಡು ಹೋದಳು.

"ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಅವಳು ಆ ಬಟ್ಟೆ ಬಿಚ್ಚಿದ್ರೂ ಪ್ರಯೋಜನ ಇಲ್ಲಮ್ಮ," ಅಂದರು. ದನಿ ಹರಕು ಹರಕಾಗಿ ಬರುತ್ತಿತ್ತು. "ಪದಗಳು ನನ್ನ ತಲೇಲಿ ಮಾತ್ರ ಇವೆ. ನೀನು ಇಟ್ಕೊಂಡಿರು."

ನನ್ನ ಫೋನಿಗೆ ಅದೇ ವ್ಯಾಲೆಟ್ ಇಳಿಸಿಕೊಂಡೆ. ಅವರು ಒಂದೊಂದೇ ಪದ ಹೇಳಿದರು, ನಾನು ಒತ್ತುತ್ತಾ ಹೋದೆ. ನಡುನಡುವೆ ಗಂಟಲು ಕಟ್ಟಿ ನಿಲ್ಲುತ್ತಿದ್ದರು, ನೀರು ಕುಡಿಯುತ್ತಿದ್ದರು. ಕೊನೆಯ ಪದ ಒತ್ತಿದ ಮೇಲೆ ಸ್ವಲ್ಪ ಹೊತ್ತು ಚಕ್ರ ತಿರುಗಿ, ಅರಕಲಗೂಡಿನ ಗೂಡಿನಲ್ಲಿ ಬಟ್ಟೆಯೊಳಗೆ ಕೂತಿದ್ದದ್ದೆಲ್ಲ ನನ್ನ ಅಂಗೈಯಲ್ಲಿ ತೆರೆದುಕೊಂಡಿತು.

"ಫೋನು ಅಲ್ಲಿದೆಯಲ್ಲ ಭಾವ?"

"ಫೋನು ಅಲ್ಲಿದೆ. ಅದು ಫೋನಲ್ಲಿಲ್ಲ," ಅಂದು ನಕ್ಕರು. ನಗು ಕೆಮ್ಮಾಯಿತು. ನರ್ಸ್ ಬಂದು, ಇನ್ನು ಒಂದು ಮಾತೂ ಆಡಕೂಡದು ಎಂದು ಗದರಿ ಹೋದಳು. ಹಾಗಾಗಿ ಅವರ ಹಳೆಯ ದನಿಯ ಕೊನೆಯ ಮಾತುಗಳು ನನ್ನ ಪಾಲಿಗೆ ಬಂದವು. ಅಕ್ಕ ಒಳಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತಾಗ ಭಾವ ಬರೀ ಗಂಟಲು ಮುಟ್ಟಿ ತೋರಿಸಿದರು.

"ನಿನ್ನ ಹತ್ರ ಏನಂದ್ರು?" ಎಂದು ಅಕ್ಕ ಆಮೇಲೆ ಕ್ಯಾಂಟೀನಿನಲ್ಲಿ ಕೇಳಿದಳು.

"ಏನಿಲ್ಲ, ಫೋನಿನ ವಿಷಯ," ಅಂದೆ. ಅವಳು ಕಾಫಿ ಲೋಟದೊಳಗೆ ನೋಡುತ್ತಾ ಕೂತಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಭಾವನಿಗೆ ಮಾತು ಬಂದ್. ಪಿಸುಗುಟ್ಟುವುದೂ ಕೂಡದು, ಅದು ಇನ್ನೂ ಕೆಟ್ಟದ್ದು ಎಂದಿದ್ದರು ಡಾಕ್ಟರು. ಅಕ್ಕ ಎಲ್ಲಿಂದಲೋ ಒಂದು ಸ್ಲೇಟು ಹುಡುಕಿ ಕೊಟ್ಟಳು. ಅದರ ಮೇಲೆ ಭಾವ ದುಂಡಗೆ ಬರೆಯುತ್ತಿದ್ದರು, ಉಪ್ಪು ಕಮ್ಮಿ, ಪೇಪರ್ ಎಲ್ಲಿ, ನಿದ್ದೆ ಬಂತು. ಅಕ್ಕ ಓದಿ, ಸೆರಗಿನಿಂದ ಒರೆಸಿ, ಉತ್ತರ ಹೇಳುತ್ತಿದ್ದಳು. ಮಾತು ಬಂದ್ ಆದಾಗಿನಿಂದ ಇವರು ನನ್ನ ಮುಖ ನೋಡೋಕೆ ಶುರುಮಾಡಿದಾರೆ ಎಂದು ಫೋನಿನಲ್ಲಿ ನನಗೆ ಹೇಳಿದಳು. ಹೇಳುವಾಗ ದನಿಯಲ್ಲಿ ಸಂತೋಷವಿತ್ತು.

ನಾನು ಆ ವ್ಯಾಲೆಟ್ಟನ್ನು ತೆರೆಯದೆ ಇದ್ದಿದ್ದರೆ ಈ ಕಥೆಯೇ ಇಲ್ಲ. ಆದರೆ ನನ್ನ ಫೋನಿನಲ್ಲಿದ್ದದ್ದನ್ನು ನಾನು ತೆರೆದು ನೋಡದೆ ಇರುವುದೆಂದರೇನು? ಕ್ಲಾಸಿಗೂ ಕ್ಲಾಸಿಗೂ ನಡುವೆ ನೋಡುತ್ತಿದ್ದೆ. ಹಾಸನದ ಬಸ್ಸಿನಲ್ಲಿ ಶಾಂತಿಗ್ರಾಮ ಬರುವಷ್ಟರಲ್ಲಿ ಒಂದು ಸಲ ನೋಡಿರುತ್ತಿದ್ದೆ. ಭಾವನ ಕಾಯಿನ್ ಇಳಿಯುತ್ತಿತ್ತು. ಮೊದಲು ಸ್ವಲ್ಪ ಸ್ವಲ್ಪ, ಆಮೇಲೆ ದಿನಕ್ಕೊಂದು ಮೆಟ್ಟಿಲು. ಅಮ್ಮನ ಐನೂರರ ನೋಟು ನೆನಪಾಗುತ್ತಿತ್ತು. ಮತ್ತೆ ದೇವರಿಗೆ ರದ್ದಿ ಕೊಡುತ್ತಾರೆ ಇವರು, ಈ ಸಲ ನಾನು ಬಿಡುವುದಿಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಹುಷಾರಿಲ್ಲದ ಭಾವನಿಗೆ ಬೆಲೆ ಬಿದ್ದ ಸುದ್ದಿ ಹೇಳುವುದು ಬೇಡ, ಅಕ್ಕನಿಗೆ ಅರ್ಥವಾಗುವುದಿಲ್ಲ, ನಾನೇ ಸರಿಮಾಡುತ್ತೇನೆ ಅಂದುಕೊಂಡೆ. ಹೀಗೆ ಅಂದುಕೊಳ್ಳುವುದರಲ್ಲಿ ಒಂದು ಹಿತವೂ ಇತ್ತು, ಸುಳ್ಳೇಕೆ ಹೇಳಲಿ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೊಳೆದು ಬಂದು ಕೂತು, ವ್ಯಾಲೆಟ್ ತೆರೆದು 'ಸ್ವಾಪ್', ಅಂದರೆ ಅದಲುಬದಲು, ಎಂಬುದನ್ನು ಒತ್ತಿದೆ. ಮೇಲಿನ ಚೌಕದಲ್ಲಿ ಭಾವನ ಕಾಯಿನ್ ಆರಿಸಿದೆ. ಕೆಳಗಿನ ಚೌಕದಲ್ಲಿ, ಡಾಲರಿನ ಜೊತೆಗೇ ಏರಿಳಿಯುವ, ಬೀಳುವ ಭಯ ಕಡಿಮೆಯಿರುವ ಇನ್ನೊಂದನ್ನು ಆರಿಸಿದೆ. ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ, ಜಾಲದ ಶುಲ್ಕವೆಷ್ಟು ಎಲ್ಲ ತೋರಿಸಿತು. ಮೊದಲು ಅನುಮತಿ ಕೇಳಿತು, ಕೊಟ್ಟೆ. ಆಮೇಲೆ, ಒಪ್ಪಿಗೆಯೇ, ಇದನ್ನು ಹಿಂತೆಗೆದುಕೊಳ್ಳಲಾಗದು ಎಂದು ಕೇಳಿತು. ಹೆಬ್ಬೆಟ್ಟು ಇಟ್ಟೆ. ಚಕ್ರ ತಿರುಗಿತು, ಹಸಿರು ಗುರುತು ಬಂತು, ಮುಗಿಯಿತು. ಯಾರನ್ನೂ ಕೇಳಬೇಕಾಗಿರಲಿಲ್ಲ, ಯಾರೂ ತಡೆಯಲಿಲ್ಲ. ಮುಂದಿನ ಪೀರಿಯಡ್ಡಿಗೆ ಬೆಲ್ ಆಯಿತು, ಹೋಗಿ ಪಾಠ ಮಾಡಿದೆ. ಅವತ್ತು ಮಾಡಿದ್ದು ಆದಾಯ ತೆರಿಗೆಯ ಪಾಠ. ಮಾರಿದರೆ ಮಾತ್ರವಲ್ಲ, ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಂಡರೂ ಕಾನೂನಿನ ಕಣ್ಣಲ್ಲಿ ಅದನ್ನು ಬಿಟ್ಟುಕೊಟ್ಟಂತೆಯೇ ಎಂದು ಬೋರ್ಡಿನ ಮೇಲೆ ಬರೆದೆ. ಬರೆಯುವಾಗ ನನಗೇನೂ ಅನ್ನಿಸಲಿಲ್ಲ.

ಆ ವಾರವಿಡೀ ಭಾವನ ಕಾಯಿನ್ ಇನ್ನೂ ಬಿತ್ತು. ನಾನು ಬೀಗಿದೆ.

ಮಾತು ಬಿಟ್ಟು ನೋಡುವ ದಿನ ಹಾಸನಕ್ಕೆ ನಾನೂ ಹೋಗಿದ್ದೆ. ಡಾಕ್ಟರು ಕನ್ನಡಿಯಿಟ್ಟು ಗಂಟಲು ನೋಡಿ, ಗಾಯ ಚೆನ್ನಾಗಿ ಮಾಗಿದೆ ಎಂದು ಹೇಳಿ, "ಎಲ್ಲಿ ಮೇಷ್ಟ್ರೇ, ಆ ಅನ್ನಿ," ಅಂದರು. ಭಾವ ಬಾಯಿ ತೆರೆದರು. ಗಾಳಿ ಬಂತು. ಇನ್ನೊಮ್ಮೆ ಅನ್ನಿ ಅಂದರು, ಇನ್ನೊಮ್ಮೆಯೂ ಬರೀ ಗಾಳಿ. ಕುತ್ತಿಗೆಯ ನರ ಉಬ್ಬಿ ಭಾವನ ಕಣ್ಣಲ್ಲಿ ನೀರು ತುಂಬಿತು. ಗಾಬರಿಯಾಗಬೇಡಿ, ಕೆಲವರಿಗೆ ಹೀಗಾಗುತ್ತದೆ, ಇನ್ನಷ್ಟು ದಿನ ಪೂರ್ತಿ ಮೌನವಾಗಿದ್ದು ಆಮೇಲೆ ನೋಡೋಣ ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು.

"ನನ್ನಿಂದಲೇ ಏನೋ ತಪ್ಪಾಗಿದೆ ಕಣೇ. ಹಬ್ಬಕ್ಕೆ ಗೂಡು ತೊಳೆಯೋವಾಗ ಮುಡಿಪನ್ನ ತೆಗೆದು ಆಚೆ ಮಣೆ ಮೇಲೆ ಇಟ್ಟಿದ್ದೆ. ಕದಲಿಸಬಾರದಾಗಿತ್ತು."

ಮುಡಿಪಿಗೂ ಗಂಟಲಿಗೂ ಸಂಬಂಧ ಉಂಟೆಂದು ನಾನು ನಂಬುವುದಿಲ್ಲ. ಅವತ್ತೂ ನಂಬಲಿಲ್ಲ, ಇವತ್ತೂ ನಂಬುವುದಿಲ್ಲ. ಆದರೆ ಅವಳು ನಂಬುತ್ತಾಳಲ್ಲ. ಅವಳ ನಂಬಿಕೆಯ ಪ್ರಕಾರ ತಪ್ಪು ಮಾಡಿದವಳು ನಾನು. ಶಿಕ್ಷೆಗೆ ತಲೆ ಕೊಡಲು ಹೊರಟವಳು ಅವಳು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಭಾವ ಡಾಕ್ಟರ ರೂಮಿನಿಂದ ಆಚೆ ಬಂದರು, ಸ್ಲೇಟಿನ ಮೇಲೆ 'ನಡೀರಿ' ಎಂದು ಬರೆದು ತೋರಿಸಿದರು. ನಾನು ಚೀಲ ಎತ್ತಿಕೊಂಡೆ.

ಅಕ್ಕ ಶನಿವಾರದ ರಾತ್ರಿ ಊಟ ಬಿಟ್ಟಳು. ಆಮೇಲೆ ಎಲ್ಲ ರಾತ್ರಿಯ ಊಟವನ್ನೂ ಬಿಟ್ಟಳು. ಭಾವ ಸ್ಲೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ 'ತಿನ್ನು' ಎಂದು ಬರೆದರೆ, ನೀವು ಬಾಯಲ್ಲಿ ಹೇಳಿ ತಿಂತೀನಿ ಅನ್ನುತ್ತಿದ್ದಳಂತೆ. ನಾನು ಹೋದಾಗ ರವಿಕೆಯ ತೋಳು ಸಡಿಲವಾಗಿತ್ತು. ಹಾಲು ಹಾಕಲು ಬರುತ್ತಿದ್ದ ಹೆಂಗಸು ನನ್ನನ್ನು ಗೇಟಿನ ಹತ್ತಿರವೇ ನಿಲ್ಲಿಸಿಕೊಂಡಳು.

"ಅಕ್ಕೋರು ರಾತ್ರೆ ಊಟ ಬುಟ್ಬುಟ್ಟವ್ರೆ ಕಣವ್ವಾ. ಮೇಷ್ಟ್ರು ದನಿ ಬರಾ ವೊತ್ಗೆ ಇವ್ರು ಆಸ್ಗೆ ಇಡೀತಾರೆ. ನೀನಾದ್ರೂ ಒಸಿ ಯೋಳು."

"ಹೇಳ್ತೀನಿ," ಅಂದೆ. ಒಳಗೆ ಹೋಗಿ, ಉಪವಾಸ ಮಾಡಿದರೆ ದನಿ ಬರುವ ಹಾಗಿದ್ದರೆ ಆಸ್ಪತ್ರೆ ಯಾಕೆ ಕಟ್ಟುತ್ತಿದ್ದರು ಎಂದು ಅಕ್ಕನ ಮೇಲೆ ಕೂಗಾಡಿದೆ. ತಪ್ಪು ನನ್ನದಿದ್ದಾಗ ನನ್ನ ದನಿ ಏರುತ್ತದೆ. ಅಕ್ಕ ನನಗೊಬ್ಬಳಿಗೇ ತಟ್ಟೆ ಹಾಕಿ ಬಡಿಸಿದಳು.

ಅವತ್ತು ವಾಪಸು ಬರುವಾಗ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ಸು ತಡವಾಯಿತು. ಕಟ್ಟೆಯ ಮೇಲೆ ಕೂತು ಫೋನು ತೆಗೆದೆ. ಇದನ್ನು ಕೊಟ್ಟು ಅದನ್ನು ಮತ್ತೆ ತರುತ್ತೇನೆ, ಇದ್ದದ್ದು ಇದ್ದ ಹಾಗೆ ಆಗಲಿ ಅಂದುಕೊಂಡೆ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಹೆಬ್ಬೆಟ್ಟು ಇಟ್ಟೆ. ಆದರೆ ಅಷ್ಟರಲ್ಲಿ ಬೆಲೆ ಸ್ವಲ್ಪ ಮೇಲೆದ್ದಿತ್ತು, ಶುಲ್ಕ ಬೇರೆ ಎರಡು ಸಲ ಹೋಗಿತ್ತು. ಭಾವನ ಕಾಯಿನ್ ಮೊದಲಿದ್ದಷ್ಟು ಬರಲಿಲ್ಲ, ಸ್ವಲ್ಪವೇ ಸ್ವಲ್ಪ ಕಡಿಮೆ ಬಂತು. ಕಡಿಮೆಯಾದದ್ದನ್ನು ನನ್ನ ದುಡ್ಡಿನಿಂದ ತುಂಬೋಣವೆಂದರೆ ಅದು ಭಾವನ ಸಂಪಾದನೆಯಾಗುವುದಿಲ್ಲ. ಬಂದದ್ದಾದರೂ ಹೋದದ್ದೇ ಏನು? ಭಾವ ಕೊಂಡದ್ದು ಯಾವತ್ತೋ ಯಾರದೋ ಪಾಲಾಗಿತ್ತು, ಈಗ ಬಂದದ್ದು ಯಾರದೋ. ಮುಡಿಪಿನ ಅಕ್ಕಿಯನ್ನು ಅನ್ನ ಮಾಡಿಕೊಂಡು ತಿಂದು, ಅಂಗಡಿಯಿಂದ ಅದೇ ಅಕ್ಕಿ ತಂದು ಕಟ್ಟಿಟ್ಟಂತೆ ಇತ್ತು ನಾನು ಮಾಡಿದ್ದು. ಅಮ್ಮ ಬ್ಯಾಂಕಿಗೆ ಯಾಕೆ ಹೋಗಲಿಲ್ಲ ಎಂಬುದು ಆ ಕಟ್ಟೆಯ ಮೇಲೆ ಕೂತಾಗ ನನಗೆ ತಿಳಿಯಿತು. ಚನ್ನರಾಯಪಟ್ಟಣದ ಬಸ್ಸು ಬಂತು, ಹತ್ತಿದೆ, ಸೀಟು ಸಿಗಲಿಲ್ಲ.

ಡಾಕ್ಟರು ಇನ್ನೊಂದು ದಿನ ಗೊತ್ತುಮಾಡಿದ್ದರು. ಸೋಮವಾರದಿಂದ ಮೆಲ್ಲಗೆ ಮಾತಾಡಿ ನೋಡಬಹುದು, ಆಸ್ಪತ್ರೆಗೇ ಬರಬೇಕೆಂದಿಲ್ಲ, ಮನೆಯಲ್ಲೇ ಶುರುಮಾಡಿ ಎಂದಿದ್ದರು. ಅಕ್ಕ ಆ ಬೆಳಗಿಗೆ ಎಲ್ಲ ಯೋಚಿಸಿಟ್ಟಿದ್ದಳು. ಸ್ನಾನ ಆಗಬೇಕು, ದೀಪ ಹಚ್ಚಬೇಕು, ಭಾವ ದೇವರ ಗೂಡಿನ ಎದುರು ನಿಂತು ಮೊದಲ ಮಾತಾಗಿ ಸ್ವಾಮಿಯ ಹೆಸರು ಹೇಳಬೇಕು. ಅದನ್ನು ತಾನು ಪಕ್ಕದಲ್ಲಿ ನಿಂತು ಕೇಳಬೇಕು.

"ಕೊನೇ ಮಾತಂತೂ ನನಗೆ ಸಿಗಲಿಲ್ಲ. ಇದಾದ್ರೂ ನಾನು ಕೇಳ್ಬೇಕು. ನೀನೂ ಬಾ," ಅಂದಳು.

ಭಾನುವಾರವೇ ಹೋದೆ. ಬೆಳಿಗ್ಗೆ ಅವರು ಬಾಯಿ ತೆರೆಯುವ ಮೊದಲು ಅಕ್ಕನಿಗೆ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯ ಮಾಡಿಕೊಂಡಿದ್ದೆ. ಮತ್ತೆ ಗಾಳಿಯೇ ಬಂದರೆ ಅವಳು ಹಗಲೂಟವನ್ನೂ ಬಿಡುತ್ತಾಳೆ, ಆ ಪಾಪ ನನಗೆ ಬೇಡ. ಬೈದರೆ ಬೈಯಲಿ, ಮನೆಗೆ ಬರಬೇಡ ಅಂದರೆ ಅನ್ನಲಿ. ಸೋಮವಾರ ಬೆಳಗಾಗುತ್ತಲೇ ಅಡುಗೆಮನೆಯಲ್ಲಿ ಅವಳು ಹೆಸರುಬೇಳೆ ಹುರಿಯುತ್ತಿದ್ದಳು.

"ಅಕ್ಕ, ನಿನಗೊಂದು ಹೇಳ್ಬೇಕು," ಅಂದೆ.

"ಒಳ್ಳೇದಾ?"

ನಾನು ಬಾಣಲೆಯ ಕಡೆ ನೋಡಿದೆ.

"ಹಾಗಿದ್ರೆ ಇವತ್ತು ಬೇಡ. ಇವತ್ತೊಂದು ದಿನ ಕೆಟ್ಟದ್ದು ಏನೂ ಹೇಳ್ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಕಾಯಿ ತುರಿಯುವ ಮಣೆಯನ್ನು ನನ್ನ ಕಡೆ ನೂಕಿದಳು. ನಾನು ಕಾಯಿ ತುರಿದೆ. ತುರಿದು ಮುಗಿಸಿ ಹಿತ್ತಿಲಿಗೆ ಹೋದೆ.

ಹಿತ್ತಿಲಲ್ಲಿ ಭಾವ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಪೂಜೆಗೆ ನಂದಿಬಟ್ಟಲ ಹೂವು ಬಿಡಿಸುತ್ತಿದ್ದರು. ನನ್ನನ್ನು ಕಂಡು ಬುಟ್ಟಿ ಎತ್ತಿ ತೋರಿಸಿ ನಕ್ಕರು. ಇವರಿಗಾದರೂ ಹೇಳುತ್ತೇನೆ, ಇವರು ಅಕ್ಕನಿಗೆ ಯಾವಾಗ ಹೇಳಬೇಕೋ ಆವಾಗ ಬರೆದು ತೋರಿಸಲಿ ಅಂದುಕೊಂಡೆ.

"ಭಾವ, ನಾನೊಂದು ತಪ್ಪು ಮಾಡಿದೀನಿ," ಅಂದೆ. "ಮುಡಿಪಲ್ಲಿದ್ದ ನಿಮ್ಮ ಕಾಯಿನ್ನ ಬೇರೇದಕ್ಕೆ ಬದಲಾಯಿಸಿದ್ದೆ. ಆಮೇಲೆ ವಾಪಸ್ ತಂದೆ, ಆದ್ರೆ ಅದು ಅದೇ ಅಲ್ಲ. ಅಕ್ಕ ತನ್ನಿಂದಲೇ ತಪ್ಪಾಯ್ತು ಅಂತ ಉಪವಾಸ ಬೇರೆ ಮಾಡ್ತಿದಾಳೆ. ನನ್ನ ಕೈಲಿ ನೋಡೋಕಾಗಲ್ಲ. ಈಗಲೇ ಹೋಗಿ ಅವಳಿಗೆ ಹೇಳ್ಬಿಡ್ತೀನಿ."

ನಾನು ತಿರುಗಿದೆ. ಭಾವ ನನ್ನ ಮೊಣಕೈ ಹಿಡಿದರು.

"ಹೇಳ್ಬೇಡ."

ಒರಟಾಗಿ, ಕೆಳಗಿನ ಶ್ರುತಿಯಲ್ಲಿ, ಬೇರೆ ಯಾರದೋ ದನಿಯಂತೆ. ಆದರೆ ದನಿ. ಗಾಳಿಯಲ್ಲ. ಇಬ್ಬರೂ ಅಡುಗೆಮನೆಯ ಕಿಟಕಿಯ ಕಡೆ ನೋಡಿದೆವು. ಒಳಗೆ ಅಕ್ಕ ಪೂಜೆಯ ಪಾತ್ರೆ ಜೋಡಿಸುವ ಸದ್ದು ಹಾಗೇ ಇತ್ತು. ಭಾವ ಅಂಗೈಯಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ತೆಗೆದರು.

"ನನಗೆ ಗೊತ್ತು. ಕೊಟ್ಟಿದ್ದೂ ನೋಡಿದೆ, ತಂದಿದ್ದೂ ನೋಡಿದೆ," ಅಂದರು. ಪ್ರತಿ ಮಾತಿಗೂ ಉಗುಳು ನುಂಗುತ್ತಿದ್ದರು. "ಇಂಟರ್ನೆಟ್ಟಲ್ಲಿ ಅದರ ವಿಳಾಸ ಹಾಕಿದ್ರೆ ಯಾರ ವ್ಯಾಲೆಟ್ಟನ್ನಾದ್ರೂ ಯಾರು ಬೇಕಾದ್ರೂ ನೋಡಬಹುದಮ್ಮ. ಮುಟ್ಟೋಕಾಗಲ್ಲ, ಅಷ್ಟೇ. ಹೊಸ ಫೋನಲ್ಲಿ ದಿನಾ ನೋಡ್ತಿದ್ದೆ. ಅವಳ ಕೈ ಮೇಲೆ ಕೈ ಇಟ್ಟು ನೋಡಲ್ಲ ಅಂದೋನು. ನಿನ್ನದನ್ನ ಹೇಳಿದ್ರೆ ನನ್ನದೂ ಹೇಳ್ಬೇಕಾಗುತ್ತೆ ಅಂತ ಸುಮ್ಮನಿದ್ದೆ. ಅವಳು ಉಪವಾಸ ಮಾಡ್ತಿದ್ರೂ ಸುಮ್ಮನಿದ್ದೆ."

ನನಗೆ ಅಳು ಬಂತು. ಭಾವನ ದನಿ ಬಂತೆಂಬ ಸಂತೋಷ, ಅದರ ಹಿಂದೆಯೇ ಇದು ನಾನು ಕೇಳಬೇಕಾದ ದನಿಯಲ್ಲ ಎಂಬ ಭಯ. ಅಕ್ಕ ಇಷ್ಟು ದಿನ ಹಸಿದು ಕಾದ ಮಾತು ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ನನ್ನ ತಪ್ಪು ಮುಚ್ಚುವುದಕ್ಕೆ ಖರ್ಚಾಗಿತ್ತು.

"ರೀ, ಬನ್ನಿ, ದೀಪ ಹಚ್ಚಿದೀನಿ," ಎಂದು ಒಳಗಿನಿಂದ ಅಕ್ಕ ಕರೆದಳು.

ಭಾವ ಬಗ್ಗಿ ಬುಟ್ಟಿ ಎತ್ತಿಕೊಂಡರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಹಿಂದೆ ಹೋದೆ. ಗೂಡಿನ ಎದುರು ಅಕ್ಕ ಒಗೆದ ಸೀರೆ ಉಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಿಂತಿದ್ದಳು. ಬಟ್ಟೆಯ ಗಂಟಿನ ಮೇಲೆ ಹೂವಿಟ್ಟಿದ್ದಳು. ಭಾವ ಅವಳ ಪಕ್ಕ ನಿಂತರು. ದೇವರ ಪಟ ನೋಡಿದರು, ಆಮೇಲೆ ಅವಳ ಇಳಿದುಹೋದ ಕೆನ್ನೆ ನೋಡಿದರು. ಸ್ವಾಮಿಯ ಹೆಸರು ಹೇಳಬೇಕಿತ್ತು.

"ಇವಳೇ," ಅಂದರು.

ಮದುವೆಯಾದಾಗಿನಿಂದ ಅವರು ಅಕ್ಕನನ್ನು ಕರೆಯುತ್ತಿದ್ದದ್ದು ಹಾಗೆಯೇ. ಅಕ್ಕ ಕಣ್ಣು ಬಿಟ್ಟು, ಗೋಡೆ ಹಿಡಿದು, ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತಳು. ಅಳುತ್ತಲೇ ನಕ್ಕಳು. "ದೇವರ ಹೆಸರು ಹೇಳಿ ಅಂದ್ರೆ ನನ್ನ ಕರೀತಾರಲ್ಲೇ," ಎಂದು ನನಗೆ ಹೇಳಿದಳು. ಭಾವನೂ ಅವಳ ಪಕ್ಕ ಕೂತು, "ಊಟ ಮಾಡು," ಅಂದರು. ಅವಳು ಅವತ್ತು ರಾತ್ರಿ ಊಟ ಮಾಡಿದಳು.

ಮುಂದಿನ ಶನಿವಾರ ಮೂವರೂ ಹೊಳೆನರಸೀಪುರಕ್ಕೆ ಹೋದೆವು. ಗುಡಿಯಲ್ಲಿ ಅಕ್ಕ ಮುಡಿಪನ್ನು ಮಡಿಲಿನಿಂದ ತೆಗೆದು ಮೊದಲು ನನ್ನ ಕಣ್ಣೆದುರು ಹಿಡಿದಳು.

"ನೋಡು, ಕಟ್ಟಿದ ಗಂಟು ಕಟ್ಟಿದ ಹಾಗೇ ಇದೆ. ಒಂದು ಎಳೆ ಸಡಿಲ ಆಗಿಲ್ಲ. ನಾನು ಸುಮ್ನೆ ಹೆದರಿಕೊಂಡಿದ್ದೆ," ಅಂದಳು. ಉಗುರಿನಿಂದ ಬಿಡಿಸಲಾಗದೆ ಹಲ್ಲು ಹಚ್ಚಿ ಬಿಚ್ಚಿದಳು. ಬಟ್ಟೆಯ ಅರಿಶಿನ ಅವಳ ತುಟಿಗೆ ಹತ್ತಿತು. ತುಳಸಿ ದಳ ಒಣಗಿ ಪುಡಿಯಾಗಿತ್ತು. ಸ್ವಾಮಿಗೆ ತೋರಿಸಿ, ಕೈಮುಗಿದು, ಫೋನನ್ನು ನನ್ನ ಕೈಗೆ ಕೊಟ್ಟಳು.

"ತಗೋ, ದುಡ್ಡು ಮಾಡಿ ಕೊಡು. ಇನ್ನು ನೀನು ಮುಟ್ಟಬಹುದು."

ಭಾವ ಕಂಬದ ಕಡೆ ತಿರುಗಿ ನಿಂತರು. ನಾನು ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಬಂದು, ಮೇಷ್ಟ್ರಿಗೆ ಮಾತು ಬಂತಂತಲ್ಲ, ಒಳ್ಳೇದಾಯ್ತು ತಾಯಿ ಅಂದರು. ಅಕ್ಕ ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆ ವಾರದಲ್ಲಿ ಅರಕಲಗೂಡಿನ ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದನ್ನು ಇವರಿಗೂ ಹೇಳಿದಳು.

"ಮೊದಲನೇ ಮಾತೇ ನನ್ನ ಕರೆದಿದ್ದು ಸ್ವಾಮಿ. ಬೇರೆ ಯಾರ ಹತ್ರಾನೂ ಇನ್ನೂ ಬಾಯಿ ಬಿಟ್ಟಿರಲಿಲ್ಲ. ನಮ್ಮ ತಂಗಿನೂ ಅಲ್ಲೇ ಇದ್ಲು, ಬೇಕಾದ್ರೆ ಕೇಳಿ." ನನ್ನ ಕಡೆ ತಿರುಗಿದಳು. "ಹೇಳೇ, ಮೊದಲನೇ ಮಾತು ನನಗೇ ಅಲ್ವಾ?"

ಅರ್ಚಕರು ತಟ್ಟೆಯನ್ನು ನನ್ನ ಮುಂದೆ ಹಿಡಿದು ಕಾಯುತ್ತಿದ್ದರು.

"ಹೌದು ಅಕ್ಕ, ನಿನಗೇ," ಅಂದೆ.